ಸರ್ಕಾರಿ ಆಸ್ಪತ್ರೆಯ ಅಗ್ನಿ ಸುರಕ್ಷತೆ: ವಿನ್ಯಾಸದ ಟೆಂಡರ್‌ಗೆ ಸಣ್ಣ ಸಂಸ್ಥೆ ಹೇಗೆ ಹಾಕಬೇಕು, ಫೀ ಎಷ್ಟು ಬರೆಯಬೇಕು?

ಪ್ರಶ್ನೆ: ಸರಸ್ವತಿಪುರಂ_ಎಂಇಪಿ

ನಮಸ್ಕಾರ. ಮೈಸೂರಿನಲ್ಲಿ ನಾಲ್ಕು ಜನ ಇಂಜಿನಿಯರುಗಳಿರುವ ಎಂಇಪಿ (ಕಟ್ಟಡದ ಯಾಂತ್ರಿಕ, ವಿದ್ಯುತ್, ಕೊಳಾಯಿ ವಿನ್ಯಾಸ) ಸಂಸ್ಥೆ ನಮ್ಮದು. ಖಾಸಗಿ ನರ್ಸಿಂಗ್ ಹೋಮ್, ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟ್‌ಗಳ ಫೈರ್ ಡ್ರಾಯಿಂಗ್ ಮಾಡಿದ ಅನುಭವವಿದೆ, ಸರ್ಕಾರಿ ಕೆಲಸದ್ದಿಲ್ಲ. ಕೆಪಿಪಿಪಿಯಲ್ಲಿ (ರಾಜ್ಯ ಸರ್ಕಾರದ ಟೆಂಡರ್ ಪೋರ್ಟಲ್) ಒಂದು ಆರ್‌ಎಫ್‌ಪಿ (ಪ್ರಸ್ತಾವನೆ ಕೋರುವ ದಾಖಲೆ) ಬಂದಿದೆ. 300 ಹಾಸಿಗೆಯ ಹಳೆಯ ಆಸ್ಪತ್ರೆ, ಮೂರು ಬ್ಲಾಕ್, ಒಟ್ಟು ಸುಮಾರು 24,000 ಚದರ ಮೀಟರ್. ಎತ್ತರದ ಬ್ಲಾಕ್ 18 ಮೀಟರ್, ಇನ್ನೊಂದು ಸುಣ್ಣದ ಗಾರೆಯ ಹಳೇ ಕಟ್ಟಡ. ಸರ್ವೆ, ಡಿಪಿಆರ್ (ವಿವರವಾದ ಯೋಜನಾ ವರದಿ), ವಿನ್ಯಾಸ, ಎಸ್ಟಿಮೇಟ್, ಕಾಮಗಾರಿಯ ಟೆಂಡರ್ ದಾಖಲೆ, ಅಗ್ನಿಶಾಮಕ ಇಲಾಖೆಯ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರ) ನೆರವು, ಇಷ್ಟು ಕೆಲಸ. ಎರಡು ಕವರ್ (ಮೊದಲನೆಯದು ತಾಂತ್ರಿಕ, ಎರಡನೆಯದು ಫೀ), ಕ್ಯೂಸಿಬಿಎಸ್ 70:30, ಅಂದರೆ ಆಯ್ಕೆಯಲ್ಲಿ ತಾಂತ್ರಿಕ ಅಂಕಕ್ಕೆ 70, ಫೀಗೆ 30ರ ತೂಕ.

ಖಾಸಗಿ ಕೆಲಸದ ಅನುಭವ ಒಪ್ಪುತ್ತಾರೆಯೇ? ಫೀಯನ್ನು ಕಾಮಗಾರಿ ಮೊತ್ತದ ಶೇಕಡಾವಾರು ಹಾಕಬೇಕೋ, ಆಳು-ದಿನದ ಲೆಕ್ಕದಲ್ಲೋ? ಟೆಂಡರ್ ಹಾಕುವ ಮುಂಚೆಯೇ ಸ್ಥಳದಲ್ಲಿ ಏನನ್ನು ನೋಡಲೇಬೇಕು? ಪ್ರೀ-ಬಿಡ್ ಸಭೆಗೆ (ಟೆಂಡರ್ ಹಾಕುವ ಮುಂಚೆ ಸಂದೇಹ ಕೇಳುವ ಸಭೆ) ಇನ್ನು ಎಂಟು ದಿನ ಇದೆ.

ಉತ್ತರ 1: ಕವರ್_ಎರಡು

ಮೊದಲು ಅರ್ಹತೆಯ ಪುಟ. “ಇದೇ ಸ್ವರೂಪದ ಕೆಲಸ” ಎಂಬುದಕ್ಕೆ ಆ ದಾಖಲೆ ಕೊಟ್ಟಿರುವ ಅರ್ಥವನ್ನೇ ಹಿಡಿಯಿರಿ. “ಸರ್ಕಾರಿ ಅಥವಾ ಅರೆ-ಸರ್ಕಾರಿ” ಎಂದು ಬರೆದಿದ್ದರೆ ನರ್ಸಿಂಗ್ ಹೋಮ್ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಹಾಗೆ ಬರೆದಿಲ್ಲದಿದ್ದರೆ ಖಾಸಗಿ ಕೆಲಸಕ್ಕೂ ಅಂಕ ಸಿಗುತ್ತದೆ, ಆದರೆ ಬರಿಯ ಮೆಚ್ಚುಗೆ ಪತ್ರ ಸಾಲದು. ವರ್ಕ್ ಆರ್ಡರ್, ಕೆಲಸ ಮುಗಿದ ಪ್ರಮಾಣಪತ್ರ, ಆ ಹಣ ಬಂದಿದ್ದಕ್ಕೆ ಟಿಡಿಎಸ್ ದಾಖಲೆ ಮೂರೂ ಒಂದಕ್ಕೊಂದು ಹೊಂದಬೇಕು. ಆಸ್ಪತ್ರೆಯ ವಿಸ್ತೀರ್ಣ, ಹಾಸಿಗೆ ಸಂಖ್ಯೆ, ಎತ್ತರ ಪ್ರಮಾಣಪತ್ರದಲ್ಲೇ ಇರಲಿ. “ಫೈರ್ ಕೆಲಸ ತೃಪ್ತಿಕರವಾಗಿ ಮಾಡಿದ್ದಾರೆ” ಎಂಬ ಒಂದು ಸಾಲಿಗೆ ಮೌಲ್ಯಮಾಪನ ಸಮಿತಿ ಅಂಕ ಕೊಡಲು ಬರುವುದಿಲ್ಲ.

ವಹಿವಾಟಿನ ಪ್ರಮಾಣಪತ್ರಕ್ಕೆ ಸಿಎ ಕಡೆಯಿಂದ ಯುಡಿಐಎನ್ ಸಂಖ್ಯೆ (ಪ್ರಮಾಣಪತ್ರ ಅಸಲಿ ಎಂದು ತಾಳೆ ನೋಡುವ ಗುರುತು ಸಂಖ್ಯೆ) ಬೇಕೇ ಬೇಕು. ಇಎಂಡಿ (ಬಿಡ್ ಜೊತೆ ಕಟ್ಟುವ ಮುಂಗಡ ಠೇವಣಿ) ವಿಷಯದಲ್ಲಿ ಎಡವುವವರು ಬಹಳ. ಕೇಂದ್ರದ ಟೆಂಡರ್‌ಗಳಲ್ಲಿ ಸಣ್ಣ ಉದ್ದಿಮೆಗಳಿಗೆ ಇರುವ ವಿನಾಯಿತಿ ಇಲ್ಲೂ ಇದೆ ಎಂದು ನಂಬಿ ಉದ್ಯಮ್ ಪತ್ರ (ಸಣ್ಣ ಉದ್ದಿಮೆಯ ನೋಂದಣಿ) ಮಾತ್ರ ಹಾಕಬೇಡಿ, ಈ ದಾಖಲೆಯಲ್ಲಿ ವಿನಾಯಿತಿ ಬರೆದಿದ್ದರಷ್ಟೇ ಠೇವಣಿ ಕಟ್ಟುವುದನ್ನು ಬಿಡಿ. ಹಣವನ್ನು ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಕಟ್ಟಿ. ಪೋರ್ಟಲ್‌ನಲ್ಲಿ ಪಾವತಿ ತಾಳೆಯಾಗದೆ ಬಿಡ್ ಸಲ್ಲಿಸಲಾಗದಿದ್ದರೆ ಕೇಳುವವರಿಲ್ಲ. ಕ್ಲಾಸ್ 3 ಡಿಜಿಟಲ್ ಸಹಿಯ ಅವಧಿ ಎಂದು ಮುಗಿಯುತ್ತದೆ ಎಂದು ಇವತ್ತೇ ನೋಡಿಬಿಡಿ. ಕವರ್ 1ರ ಯಾವ ಪುಟದಲ್ಲೂ ಫೀ ಸುಳಿವು ಇರಬಾರದು. ಕಾರ್ಯವಿಧಾನದ ಟಿಪ್ಪಣಿಯಲ್ಲಿ ಆಳು-ದಿನದ ದರ ಬರೆದು ತಿರಸ್ಕೃತರಾಗುವುದು ಅಪರೂಪವಲ್ಲ.

ಈಗ 70:30. ಒಂದು ಉದಾಹರಣೆ. ‘ಅ’ ಸಂಸ್ಥೆಗೆ ತಾಂತ್ರಿಕ ಅಂಕ 86, ಫೀ 14 ಲಕ್ಷ. ‘ಆ’ ಸಂಸ್ಥೆಗೆ 74 ಅಂಕ, ಫೀ 9.8 ಲಕ್ಷ. ಕಡಿಮೆ ಫೀಗೆ ಹಣಕಾಸಿನ ಅಂಕ 100, ಉಳಿದವರಿಗೆ ಕಡಿಮೆ ಫೀಯನ್ನು ಅವರ ಫೀಯಿಂದ ಭಾಗಿಸಿದಷ್ಟು. ‘ಅ’ಗೆ 60.2 ಕೂಡಿಸು 21, ಒಟ್ಟು 81.2. ‘ಆ’ಗೆ 51.8 ಕೂಡಿಸು 30, ಒಟ್ಟು 81.8. ಹನ್ನೆರಡು ಅಂಕ ಮುಂದಿದ್ದರೂ ‘ಅ’ ಸೋತ. ಇದೇ 80:20 ಆಗಿದ್ದರೆ ‘ಅ’ 82.8, ‘ಆ’ 79.2. ಅಂದರೆ ನಿಮ್ಮ ಟೆಂಡರ್‌ನಲ್ಲಿ ಫೀಗೆ ಬೆಲೆ ಇದೆ, ಆದರೆ ತಾಂತ್ರಿಕ ಕವರ್‌ನಲ್ಲಿ ಇನ್ನೊಂದೇ ಅಂಕ ಗಳಿಸಿದ್ದರೂ 0.7 ಕೂಡಿ ‘ಅ’ ಗೆಲ್ಲುತ್ತಿದ್ದ. ಆ ಒಂದು ಅಂಕ ಸಾಮಾನ್ಯವಾಗಿ ಕೀ ಪರ್ಸನಲ್ (ಕೆಲಸ ಮಾಡುವ ಮುಖ್ಯ ತಜ್ಞರ) ಪಟ್ಟಿಯಲ್ಲಿ ಸಿಗುತ್ತದೆ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನ ಫೈರ್ ಇಂಜಿನಿಯರಿಂಗ್ ಪದವೀಧರರೊಬ್ಬರು, ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್, ಇಬ್ಬರ ಒಪ್ಪಿಗೆ ಪತ್ರವನ್ನೂ ಸಹಿ ಸಮೇತ ತೆಗೆದುಕೊಳ್ಳಿ.

ಫೀಯನ್ನು ಶೇಕಡಾವಾರು ಹಾಕಬೇಡಿ. ಕಾಮಗಾರಿ ಮೊತ್ತ ಇನ್ನೂ ಯಾರಿಗೂ ಗೊತ್ತಿಲ್ಲ, ಅದನ್ನು ಹೇಳಬೇಕಾದವರು ನೀವೇ. ಆಳು-ದಿನ ಎಣಿಸಿ. ಇಬ್ಬರ ತಂಡ ದಿನಕ್ಕೆ 800 ಚದರ ಮೀಟರ್ ಅಳೆದು ದಾಖಲಿಸಿದರೆ 24,000ಕ್ಕೆ 30 ದಿನ, ಅಂದರೆ 60 ಆಳು-ದಿನ. ವಿನ್ಯಾಸಕ್ಕೆ 90, ಎಸ್ಟಿಮೇಟ್ ಮತ್ತು ದರ ವಿಶ್ಲೇಷಣೆಗೆ 25, ಎನ್‌ಒಸಿ ಓಡಾಟಕ್ಕೆ 20, ಸಭೆ-ತಿದ್ದುಪಡಿಗೆ 15. ಒಟ್ಟು 210. ದಿನಕ್ಕೆ 4,000 ರೂಪಾಯಿ ಹಿಡಿದರೆ 8.4 ಲಕ್ಷ. ಕಟ್ಟಡ ಮತ್ತು ಸಂಪಿನ ಪರೀಕ್ಷೆಗೆ 1.2, ಥರ್ಮೋಗ್ರಫಿಗೆ (ಬಿಸಿಯಾದ ವಿದ್ಯುತ್ ಜೋಡಣೆಗಳನ್ನು ಶಾಖದ ಕ್ಯಾಮೆರಾದಲ್ಲಿ ನೋಡುವುದು) 0.8, ಪ್ರಿಂಟ್-ಓಡಾಟಕ್ಕೆ 0.6 ಲಕ್ಷ. ಅಲ್ಲಿಗೆ 11 ಲಕ್ಷ. ಕಚೇರಿ ಖರ್ಚು-ಲಾಭ ಸೇರಿ ಶೇ 20 ಅಂದರೆ 13.2. ಬಿಲ್ ತಡವಾಗುವುದಕ್ಕೆ 80 ಸಾವಿರ ಇಟ್ಟರೆ 14 ಲಕ್ಷ. 9.8ಕ್ಕೆ ಹಾಕಿದವರು ಎಲ್ಲಿ ಕಡಿಮೆ ಮಾಡುತ್ತಾರೆ ಎಂದು ನೋಡಿದರೆ ಅದು ಯಾವಾಗಲೂ ಆ 60 ಆಳು-ದಿನದ ಸರ್ವೆಯಲ್ಲೇ. ಅಳೆಯದೆ ಮಾಡಿದ ಡ್ರಾಯಿಂಗ್‌ನ ಬೆಲೆಯನ್ನು ರೋಗಿಗಳು ತೆರುತ್ತಾರೆ. ದಯವಿಟ್ಟು ಅಲ್ಲಿ ಕೈ ಇಡಬೇಡಿ.

ಜಿಎಸ್‌ಟಿ ಬಗ್ಗೆ: ರಾಜ್ಯ ಸರ್ಕಾರದ ಇಲಾಖೆಗೆ ನೇರವಾಗಿ ಕೊಡುವ ಶುದ್ಧ ಸೇವೆಗೆ ಕೆಲವು ಸಂದರ್ಭದಲ್ಲಿ ವಿನಾಯಿತಿ ಇದೆ. ಆದರೆ 2022ರ ಜನವರಿಯಿಂದ ಸರ್ಕಾರಿ ಪ್ರಾಧಿಕಾರ, ಸರ್ಕಾರಿ ಘಟಕಗಳನ್ನು ಅದರಿಂದ ತೆಗೆದಿದ್ದಾರೆ. ಆಸ್ಪತ್ರೆ ಸ್ವಾಯತ್ತ ಸಂಸ್ಥೆಗೆ ಸೇರಿದ್ದರೆ ಶೇ 18 ಹಿಡಿದೇ ಲೆಕ್ಕ ಹಾಕಿ.

ಉತ್ತರ 2: ಸಂಪು_ಪಂಪು_ಮಂಡ್ಯ

ಟೆಂಡರ್ ಹಾಕುವ ಮೊದಲು ಅರ್ಧ ದಿನ ಸ್ಥಳಕ್ಕೆ ಹೋಗಿ ಸಂಪಿನ ಮುಚ್ಚಳ ತೆಗೆಸಿ. ಇಡೀ ಕೆಲಸದ ಗಾತ್ರ ಅಲ್ಲೇ ತಿಳಿಯುತ್ತದೆ.

ಎನ್‌ಬಿಸಿ (ರಾಷ್ಟ್ರೀಯ ಕಟ್ಟಡ ಸಂಹಿತೆ) 2016ರ 4ನೇ ಭಾಗದಲ್ಲಿ ಆಸ್ಪತ್ರೆ ಸಿ-1 ಉಪವಿಭಾಗ. ಕೋಷ್ಟಕ 7ರಲ್ಲಿ ಎತ್ತರ 15 ಮೀಟರ್ ದಾಟಿದ ಕೂಡಲೇ ಸಾಲು ಬದಲಾಗುತ್ತದೆ. ಆದ್ದರಿಂದ 18 ಮೀಟರ್ ಬ್ಲಾಕ್‌ಗೆ ಅದರ ಸಾಲು, ತಗ್ಗಿನ ಬ್ಲಾಕ್‌ಗಳಿಗೆ ಅವುಗಳದ್ದು. ಪಂಪ್ ಸೆಟ್ ಒಂದೇ ಇಟ್ಟರೆ ಎತ್ತರದ್ದರ ಲೆಕ್ಕವೇ ಅನ್ವಯ. ರೂಢಿಯ ಸೆಟ್ ಎಂದರೆ 2280 ಎಲ್‌ಪಿಎಂ (ನಿಮಿಷಕ್ಕೆ ಲೀಟರ್) ವಿದ್ಯುತ್ ಪಂಪ್ ಒಂದು, ಅಷ್ಟೇ ಸಾಮರ್ಥ್ಯದ ಡೀಸೆಲ್ ಪಂಪ್ ಒಂದು, ಪೈಪಿನಲ್ಲಿ ಒತ್ತಡ ಇಳಿಯದಂತೆ ನೋಡಿಕೊಳ್ಳುವ 180 ಎಲ್‌ಪಿಎಂ ಜಾಕಿ ಪಂಪ್ ಒಂದು. ಹೆಡ್ (ಪಂಪ್ ಕೊಡಬೇಕಾದ ಒತ್ತಡ, ನೀರಿನ ಎತ್ತರದ ಮೀಟರ್‌ಗಳಲ್ಲಿ) ಲೆಕ್ಕ: ಎತ್ತರ 18, ತುದಿಯ ಹೈಡ್ರಂಟ್‌ನಲ್ಲಿ ಉಳಿಯಬೇಕಾದ ಒತ್ತಡ 3.5 ಬಾರ್ ಅಂದರೆ 35, ಪೈಪಿನ ಘರ್ಷಣೆ ಸುಮಾರು 10. ಒಟ್ಟು 63, ಆದ್ದರಿಂದ 70 ಮೀಟರ್ ಪಂಪ್. ಶೇ 65 ದಕ್ಷತೆಗೆ ಶಾಫ್ಟ್ ಮೇಲೆ 40 ಕಿಲೋವ್ಯಾಟ್ ಬರುತ್ತದೆ, ಮೋಟಾರ್ 45 ಕಿಲೋವ್ಯಾಟ್. ಇಷ್ಟು ಲೋಡ್ ಸೆಸ್ಕ್ (ವಿದ್ಯುತ್ ಸರಬರಾಜು ಕಂಪನಿ) ಮಂಜೂರಾತಿಯಲ್ಲಿ ಉಳಿದಿದೆಯೇ, ಟ್ರಾನ್ಸ್‌ಫಾರ್ಮರ್ ತಡೆಯುತ್ತದೆಯೇ ಎಂದು ಮೊದಲೇ ನೋಡಬೇಕು. ಇದನ್ನು ಬಿಟ್ಟ ಎಸ್ಟಿಮೇಟ್‌ನಲ್ಲಿ ಪಂಪ್ ಬಂದು ಕೂತಿರುತ್ತದೆ, ಕರೆಂಟ್ ಬರುವುದಿಲ್ಲ. ನೆಲಮಹಡಿಯ ಹೈಡ್ರಂಟ್‌ನಲ್ಲಿ ಒತ್ತಡ 7 ಬಾರ್ ಸಮೀಪ ಹೋಗುತ್ತದೆ. ಕೈಯಲ್ಲಿ ಹೋಸ್ ಹಿಡಿಯುವವರು ತಡೆಯಲಾರರು, ಅಲ್ಲಿಗೆ ಆರಿಫಿಸ್ ಪ್ಲೇಟ್ (ಒತ್ತಡ ತಗ್ಗಿಸುವ ತೂತಿನ ತಟ್ಟೆ) ಬರೆಯಿರಿ.

ಸಂಪು ಪಂಪ್‌ಹೌಸ್ ನೆಲಕ್ಕಿಂತ ಕೆಳಗಿದ್ದರೆ ಎಚ್ಚರ. ಫುಟ್‌ವಾಲ್ವ್ ಸೋರಿ ಸಕ್ಷನ್ ಪೈಪ್ ಖಾಲಿಯಾಗುತ್ತದೆ, ಬೇಕಾದ ಹೊತ್ತಿಗೆ ಪಂಪ್ ಗಾಳಿ ಕುಡಿಯುತ್ತದೆ. ಪಂಪ್ ಕೇಂದ್ರರೇಖೆ ನೀರಿನ ಮಟ್ಟದ ಕೆಳಗೆ ಇರುವಂತೆ ಪಂಪ್‌ಹೌಸ್ ತಗ್ಗಿಸುವುದೇ ಸರಿ. ಆಗದಿದ್ದರೆ ಪ್ರತಿ ಪಂಪ್‌ಗೂ ಬೇರೆ ಸಕ್ಷನ್, ಬೇರೆ ಪ್ರೈಮಿಂಗ್ ಟ್ಯಾಂಕ್ (ಸಕ್ಷನ್ ಪೈಪನ್ನು ಸದಾ ತುಂಬಿಡುವ ಟ್ಯಾಂಕ್).

ಇನ್ನೊಂದು, ಫೈರ್ ನೀರನ್ನು ಬಟ್ಟೆ ಒಗೆಯುವುದಕ್ಕೆ ಬಳಸುವುದು. ಬೋರ್ಡ್ ಹಾಕಿದರೆ ನಿಲ್ಲುವುದಿಲ್ಲ, ಪೈಪಿನ ಜೋಡಣೆಯೇ ತಡೆಯಬೇಕು. ಬರುವ ನೀರು ಮೊದಲು ಫೈರ್ ಟ್ಯಾಂಕ್‌ಗೆ ಬೀಳಬೇಕು, ಅದು ತುಂಬಿ ಹರಿದದ್ದು ಮಾತ್ರ ದಿನಬಳಕೆಯ ಟ್ಯಾಂಕ್‌ಗೆ. ಆಗ ನೀರೂ ನಿಂತು ಹಳಸುವುದಿಲ್ಲ. ಮರುತುಂಬುವ ಹೊತ್ತನ್ನೂ ಡಿಪಿಆರ್‌ನಲ್ಲಿ ಬರೆಯಿರಿ. ಒಂದು ಲಕ್ಷ ಲೀಟರ್ ಅನ್ನು ಗಂಟೆಗೆ 3,000 ಲೀಟರ್ ಕೊಡುವ ಬೋರ್‌ವೆಲ್ ತುಂಬಿಸಲು 33 ಗಂಟೆ ಬೇಕು, ಆದರೆ 2280 ಎಲ್‌ಪಿಎಂ ಪಂಪ್ ಅದನ್ನು 44 ನಿಮಿಷದಲ್ಲಿ ಮುಗಿಸುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ, ಮದ್ದೂರಾಗಲಿ ಹುಣಸೂರಾಗಲಿ, ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಮಾತ್ರ ಊರಿನ ನಲ್ಲಿ ನೀರಿನ ಎರಡನೇ ಸಂಪರ್ಕ ಏಕೆ ಬೇಕು ಎಂಬುದು ಮಂಜೂರು ಮಾಡುವವರಿಗೆ ಅರ್ಥವಾಗುತ್ತದೆ.

ನೆಲದಡಿಯ ಪೈಪ್‌ಗೆ ಸುತ್ತುಪಟ್ಟಿ ಮತ್ತು ಲೇಪನ, ಅಗ್ನಿಶಾಮಕ ವಾಹನ ನಿಲ್ಲುವ ಕಡೆಯೇ ವಾಹನದಿಂದ ನೀರು ತುಂಬಲು 63 ಎಂಎಂನ ನಾಲ್ಕು ಬಾಯಿಯ ಇನ್‌ಲೆಟ್, ಗೇಟ್ 6 ಮೀಟರ್ ಅಗಲ. ಇವನ್ನು ಸೈಟ್ ಪ್ಲಾನ್‌ನಲ್ಲಿ ಗುರುತಿಸಿ. ಗೇಟಿನ ಪಕ್ಕದ ಹಣ್ಣಿನ ಗಾಡಿ, ಬೈಕ್ ಸ್ಟ್ಯಾಂಡ್ ಎಲ್ಲಿದೆಯೋ ಅಲ್ಲಿ ಇನ್‌ಲೆಟ್ ಹಾಕಬೇಡಿ.

ಸರಸ್ವತಿಪುರಂ_ಎಂಇಪಿ

ಇಬ್ಬರಿಗೂ ಧನ್ಯವಾದ. ಹಳೇ ಕಟ್ಟಡದ್ದೇ ಚಿಂತೆ. ಛಾವಣಿ ಮದ್ರಾಸ್ ತಾರಸಿ (ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು), ಎತ್ತರ 4.5 ಮೀಟರ್, ತೊಲೆಗಳು ಆಳವಾಗಿವೆ. ಆರ್‌ಎಫ್‌ಪಿಯಲ್ಲಿ “ಎಲ್ಲ ಬ್ಲಾಕ್‌ಗೂ ಸ್ಪ್ರಿಂಕ್ಲರ್” ಎಂದಿದೆ. ಅಲ್ಲಿ ತೂಗುಹಾಕಬಹುದೇ? ಐಸಿಯು, ನವಜಾತ ಶಿಶು ಘಟಕವೂ ಅದೇ ಬ್ಲಾಕ್‌ನಲ್ಲಿವೆ.

ಉತ್ತರ 3: ಕಾರಿಡಾರ್_ಎರಡೂವರೆ

150 ಎಂಎಂ ಪೈಪ್ ನೀರು ತುಂಬಿದಾಗ ಮೀಟರಿಗೆ ಸುಮಾರು 38 ಕೆ.ಜಿ. ಮೂರು ಮೀಟರಿಗೊಂದು ಹ್ಯಾಂಗರ್ ಎಂದರೆ ಒಂದೊಂದರ ಮೇಲೆ 115 ಕೆ.ಜಿ. ಮದ್ರಾಸ್ ತಾರಸಿಯ ಇಟ್ಟಿಗೆಗೆ ಆಂಕರ್ ಹೊಡೆದು ಇದನ್ನು ನೇತುಹಾಕುವ ಮಾತೇ ಇಲ್ಲ. ಮುಖ್ಯ ರೈಸರ್ (ಮಹಡಿಗಳಿಗೆ ನೀರು ಏರಿಸುವ ನೆಟ್ಟಗಿನ ಪೈಪ್) ಅನ್ನು ಹಿಂಬದಿಯ ಗೋಡೆಯ ಹೊರಗೆ ನೆಲದಿಂದಲೇ ಆಧಾರ ಕೊಟ್ಟು ಏರಿಸಿ, ಒಳಗೆ ಸಣ್ಣ ಕವಲುಗಳು ಮಾತ್ರ, ಅವೂ ಗೋಡೆಯ ಬ್ರಾಕೆಟ್ ಮೇಲೆ. ಗೋಡೆಯ ಮೂರ್ನಾಲ್ಕು ಕಡೆ ಆಂಕರ್ ಎಳೆತದ ಪರೀಕ್ಷೆ ಮಾಡಿಸಿ ವರದಿಯನ್ನು ಡಿಪಿಆರ್‌ಗೆ ಲಗತ್ತಿಸಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಯಂಥ ಹಳೆಯ ಕಟ್ಟಡಗಳ ಹೊರಮುಖವನ್ನು ಮುಟ್ಟುವುದಾದರೆ ಪುರಾತತ್ವ ಮತ್ತು ಪರಂಪರೆ ಇಲಾಖೆಯ ಅಭಿಪ್ರಾಯ ಬೇಕಾಗುತ್ತದೆ. ನಿಮ್ಮ ಕಟ್ಟಡವೂ ಆ ಪಟ್ಟಿಯಲ್ಲಿದೆಯೇ ಎಂದು ಪ್ರೀ-ಬಿಡ್‌ನಲ್ಲೇ ಕೇಳಿ. ಇದ್ದರೆ ಅದರ ಕಾಲಾವಧಿ ನಿಮ್ಮ ಡಿಪಿಆರ್ ಅವಧಿಯಲ್ಲಿ ಸೇರಬಾರದು.

ವಾರ್ಡ್‌ನ ಲೆಕ್ಕ. ಸ್ಪ್ರಿಂಕ್ಲರ್‌ಗಳ ಭಾರತೀಯ ಮಾನಕ ಐಎಸ್ 15105 ಪ್ರಕಾರ ಆಸ್ಪತ್ರೆ ಲೈಟ್ ಹಜಾರ್ಡ್ (ಕಡಿಮೆ ಅಪಾಯದ ವರ್ಗ): 84 ಚದರ ಮೀಟರ್ ಮೇಲೆ ನಿಮಿಷಕ್ಕೆ 2.25 ಎಂಎಂ, ಅಂದರೆ 189 ಲೀಟರ್. 20 ಮೀಟರ್ ಉದ್ದ, 7.5 ಮೀಟರ್ ಅಗಲದ ವಾರ್ಡ್ 150 ಚದರ ಮೀಟರ್. ಒಂದು ಸ್ಪ್ರಿಂಕ್ಲರ್ ತಲೆಗೆ 21 ಚದರ ಮೀಟರ್ ಎಂದು ಭಾಗಿಸಿ 8 ಸಾಕು ಎಂದು ಬರೆಯುವವರಿದ್ದಾರೆ. ಆದರೆ ತಲೆಯಿಂದ ತಲೆಗೆ 4.6 ಮೀಟರ್ ಮಿತಿ ಇದೆ, ಆದ್ದರಿಂದ 5ರಂತೆ ಎರಡು ಸಾಲು, 10. ಆಳದ ತೊಲೆ ಅಡ್ಡ ಬಂದರೆ ಇನ್ನೂ ಹೆಚ್ಚು. ಬಲ್ಬ್ 68 ಡಿಗ್ರಿಯ ಕೆಂಪು, ಕ್ವಿಕ್ ರೆಸ್ಪಾನ್ಸ್.

ಡಿಟೆಕ್ಟರ್‌ನಲ್ಲೂ ಇದೇ ತಪ್ಪು. ಹೊಗೆಯ ಡಿಟೆಕ್ಟರ್‌ಗೆ 7.5 ಮೀಟರ್ ತ್ರಿಜ್ಯ, ಸಮತಟ್ಟಾದ ಛಾವಣಿಯಾದರೆ ಈ ವಾರ್ಡ್‌ಗೆ ಎರಡು ಸಾಕು. ಛಾವಣಿ ಎತ್ತರದ ಶೇ 10ಕ್ಕಿಂತ ಆಳದ ತೊಲೆಯಿದ್ದರೆ, ಅಂದರೆ ನಿಮ್ಮಲ್ಲಿ 450 ಎಂಎಂ ದಾಟಿದರೆ, ಪ್ರತಿ ಅಂಕಣವೂ (ಎರಡು ತೊಲೆಗಳ ನಡುವಿನ ಜಾಗ) ಬೇರೆ ಕೋಣೆಯೆಂದೇ ಲೆಕ್ಕ. ಐದು ಅಂಕಣಕ್ಕೆ ಐದು. ಆಟೋಕ್ಲೇವ್ ಕೋಣೆ, ಅಡುಗೆಮನೆಯಲ್ಲಿ ಹೊಗೆಯದ್ದು ಹಾಕಿದರೆ ಆವಿಗೆ ದಿನಾ ಕೂಗುತ್ತದೆ, ಮೂರನೇ ವಾರ ಯಾರೋ ಪ್ಯಾನೆಲ್ ಆಫ್ ಮಾಡುತ್ತಾರೆ. ಅಲ್ಲಿ ಶಾಖದ ಡಿಟೆಕ್ಟರ್. ಐಸಿಯುನಲ್ಲಿ ಹೂಟರ್ ಬೇಡ, ಸಿಸ್ಟರ್ ಕೂರುವ ಕಡೆ ದೀಪ ಮತ್ತು ಮೆಲುದನಿ. ಬ್ಯಾಟರಿಯನ್ನು 24 ಗಂಟೆ ಸಾಮಾನ್ಯ ಸ್ಥಿತಿ, ಅರ್ಧ ಗಂಟೆ ಅಲಾರಂ ಎಂದು ಎಣಿಸಿ. ಪ್ಯಾನೆಲ್ 0.9 ಆಂಪಿಯರ್, ಅಲಾರಂನಲ್ಲಿ 3.5 ಎಳೆದರೆ 23.35, ಶೇ 25 ಹೆಚ್ಚುವರಿ ಸೇರಿ 29 ಆಂಪಿಯರ್-ಗಂಟೆ. 26ರ ಬ್ಯಾಟರಿ ಸಾಲದು.

ಇಷ್ಟೆಲ್ಲ ಇದ್ದೂ, ನನ್ನ ದೃಷ್ಟಿಯಲ್ಲಿ ಆಸ್ಪತ್ರೆಯಲ್ಲಿ ಸ್ಪ್ರಿಂಕ್ಲರ್‌ಗಿಂತ ಮೊದಲು ಬರುವುದು ಹೊಗೆ ತಡೆಯುವ ಗೋಡೆ ಮತ್ತು ಬಾಗಿಲು. 2011ರ ಡಿಸೆಂಬರ್‌ನಲ್ಲಿ ಕೊಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಹತ್ತಿದ್ದು ಬೇಸ್‌ಮೆಂಟ್‌ನಲ್ಲಿ. ಮೇಲಿನ ವಾರ್ಡ್‌ಗಳಲ್ಲಿ ಪ್ರಾಣ ತೆಗೆದದ್ದು ಹೊಗೆ, ಸತ್ತವರು 90ಕ್ಕೂ ಹೆಚ್ಚು. ವೆಂಟಿಲೇಟರ್ ಮೇಲಿರುವ ರೋಗಿಯನ್ನು ಮೆಟ್ಟಿಲಲ್ಲಿ ಇಳಿಸುವುದು ಆಗದ ಮಾತು. ಅದೇ ಮಹಡಿಯಲ್ಲಿ, ಹಾಸಿಗೆ ಸಮೇತ, ಪಕ್ಕದ ವಿಭಾಗಕ್ಕೆ ತಳ್ಳಬೇಕು. ಹಾಗಾಗಿ ಪ್ರತಿ ಮಹಡಿಯನ್ನೂ ಕನಿಷ್ಠ ಎರಡು ಹೊಗೆ ವಿಭಾಗ ಮಾಡಿ. ನಡುವೆ 120 ನಿಮಿಷದ ಎರಡು ರೆಕ್ಕೆಯ ಬಾಗಿಲು, ಹಾಸಿಗೆ ಮತ್ತು ಪಕ್ಕದಲ್ಲಿ ಸಿಲಿಂಡರ್ ಹಿಡಿದವರು ಒಟ್ಟಿಗೆ ಹೋಗುವಷ್ಟು ಅಗಲ. ಕಾರಿಡಾರ್ 2.4 ಮೀಟರ್ ಇರಬೇಕು, ಆದರೆ ಎರಡೂ ಬದಿ ಬೆಂಚು ಹಾಕಿದ ಮೇಲೆ ಉಳಿಯುವುದೆಷ್ಟು ಎಂದು ಅಳೆದು ಬರೆಯಿರಿ. ಬಾಗಿಲನ್ನು ಇಟ್ಟಿಗೆ ಇಟ್ಟು ತೆರೆದಿಡುತ್ತಾರೆ. ಮ್ಯಾಗ್ನೆಟ್ ಹೋಲ್ಡರ್ ಹಾಕಿ ಪ್ಯಾನೆಲ್‌ಗೆ ಜೋಡಿಸಿದರೆ ಅಲಾರಂ ಬಂದಾಗ ತಾನೇ ಮುಚ್ಚುತ್ತದೆ. ಅದೇ ಸಂಕೇತಕ್ಕೆ ಎಎಚ್‌ಯು (ಹವಾನಿಯಂತ್ರಣದ ಗಾಳಿ ಬೀಸುವ ಯಂತ್ರ) ನಿಲ್ಲಬೇಕು, ಡಕ್ಟ್ ಗೋಡೆ ದಾಟುವಲ್ಲಿ ಡ್ಯಾಂಪರ್ ಮುಚ್ಚಬೇಕು. ಆಕ್ಸಿಜನ್ ವಾಲ್ವ್ ಮಾತ್ರ ತಾನಾಗಿ ಮುಚ್ಚುವಂತೆ ಎಂದೂ ಬರೆಯಬೇಡಿ. ವಲಯವಾರು ವಾಲ್ವ್ ಪೆಟ್ಟಿಗೆ ವಿಭಾಗದ ಗೆರೆಗೆ ಸರಿಯಾಗಿ, ಸಿಸ್ಟರ್ ಕೈಗೆಟುಕುವಲ್ಲಿ ಇರಲಿ. ಯಾವ ರೋಗಿ ಪೈಪಿನ ಆಕ್ಸಿಜನ್ ಮೇಲಿದ್ದಾನೆ ಎಂದು ಗೊತ್ತಿರುವವರೇ ಅದನ್ನು ತಿರುಗಿಸಬೇಕು.

ಆಕ್ಸಿಜನ್ ಹರಿಯುವ ವಾರ್ಡ್‌ನಲ್ಲಿ ವೆಲ್ಡಿಂಗ್ ನಿಷೇಧ ಎಂದು ಟೆಂಡರ್ ದಾಖಲೆಯಲ್ಲೇ ಹಾಕಿ. ಪೈಪನ್ನು ಹೊರಗೆ ತಯಾರಿಸಿ ತಂದು ಗ್ರೂವ್ಡ್ ಕಪ್ಲಿಂಗ್‌ನಲ್ಲಿ (ವೆಲ್ಡಿಂಗ್ ಬೇಡದ ಬಿಗಿಪಟ್ಟಿ) ಜೋಡಿಸಬೇಕು. ದರ ಹೆಚ್ಚು, ಎಸ್‌ಆರ್‌ನಲ್ಲಿ (ಸರ್ಕಾರಿ ದರಪಟ್ಟಿ) ಸಿಗದಿದ್ದರೆ ಮೂರು ಕೊಟೇಶನ್ ಮತ್ತು ಡಾಟಾ ರೇಟ್ (ದರ ವಿಶ್ಲೇಷಣೆ) ಈಗಲೇ ಸಿದ್ಧಮಾಡಿ.

ಉತ್ತರ 4: ನ್ಯೂಟ್ರಲ್_ಅರ್ಥಿಂಗ್

ಮೇಲಿನವರು ಹೇಳಿದ್ದೆಲ್ಲ ಬೆಂಕಿ ಹತ್ತಿದ ಮೇಲಿನದು. 2021ರ ಜನವರಿಯಲ್ಲಿ ಭಂಡಾರಾ ಜಿಲ್ಲಾ ಆಸ್ಪತ್ರೆ, 2024ರ ನವೆಂಬರ್‌ನಲ್ಲಿ ಝಾನ್ಸಿ ವೈದ್ಯಕೀಯ ಕಾಲೇಜು, ಎರಡರಲ್ಲೂ ಶಿಶುಗಳು ಸತ್ತದ್ದು ನವಜಾತ ಶಿಶು ಘಟಕದಲ್ಲಿ. ವಾರ್ಮರ್, ಎಸಿ, ಮಾನಿಟರ್ ದಿನದ 24 ಗಂಟೆ ಓಡುವ ಜಾಗ, ಜೊತೆಗೆ ಗಾಳಿಯಲ್ಲಿ ಹೆಚ್ಚಿನ ಆಕ್ಸಿಜನ್. ಆರ್‌ಎಫ್‌ಪಿಯ ಕೆಲಸದ ವ್ಯಾಪ್ತಿಯಲ್ಲಿ ವಿದ್ಯುತ್ ಪರಿಶೀಲನೆ ಇದೆಯೇ? ಇಲ್ಲದಿದ್ದರೆ ಸೇರಿಸಿ ಎಂದು ಕೇಳಿ. ಸೇರಿಸದಿದ್ದರೂ ಐಸಿಯು, ಶಿಶು ಘಟಕ, ಓಟಿಗಳಿಗಾದರೂ ನೀವೇ ಮಾಡಿ. ಪ್ರತಿ ಸರ್ಕ್ಯೂಟ್‌ನ ಆಂಪಿಯರ್, ವೈರಿನ ಗಾತ್ರ, ಎಂಸಿಬಿ ಗಾತ್ರ, ಒಂದೇ ಪಟ್ಟಿಯಲ್ಲಿ. ವೈರ್ ತಡೆಯುವುದಕ್ಕಿಂತ ದೊಡ್ಡ ಎಂಸಿಬಿ ಸಿಕ್ಕರೆ ಕೆಂಪು ಗುರುತು. ಹಳೇ ಬ್ಲಾಕ್‌ನಲ್ಲಿ ಎಂಸಿಬಿ ಪದೇ ಪದೇ ಬೀಳುತ್ತದೆಂದು ದೊಡ್ಡದು ಹಾಕಿರುವುದು ಸಾಮಾನ್ಯ. ಥರ್ಮೋಗ್ರಫಿಯನ್ನು ಮಧ್ಯಾಹ್ನ, ಎಲ್ಲ ಎಸಿ ಓಡುವಾಗಲೇ ಮಾಡಿ. ಲೋಡ್ ಇಲ್ಲದ ಬೆಳಗಿನ ಚಿತ್ರದಲ್ಲಿ ಸಡಿಲ ಟರ್ಮಿನಲ್ ಕಾಣುವುದೇ ಇಲ್ಲ. ಕೇಬಲ್ ಶಾಫ್ಟ್ ಪ್ರತಿ ಮಹಡಿಯಲ್ಲೂ ಮುಚ್ಚಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.

ಉತ್ತರ 5: ಕವರ್_ಎರಡು

“ಎಲ್ಲ ಬ್ಲಾಕ್‌ಗೂ ಸ್ಪ್ರಿಂಕ್ಲರ್” ಎಂಬ ಸಾಲನ್ನು ಹಾಗೇ ಒಪ್ಪಿ ಬಿಡ್ ಹಾಕಿದರೆ ಆಮೇಲೆ ಬದಲಿಸಲು ಬರುವುದಿಲ್ಲ. ಪ್ರೀ-ಬಿಡ್‌ಗೆ ಲಿಖಿತವಾಗಿ, ಷರತ್ತಿನ ಸಂಖ್ಯೆ ಹಾಕಿ ಕೇಳಿ: “ಹಳೇ ಬ್ಲಾಕ್‌ನ ಛಾವಣಿ ಭಾರ ತಡೆಯದೆಂದು ಸ್ಟ್ರಕ್ಚರಲ್ ವರದಿ ಬಂದಲ್ಲಿ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪಡೆದ ಪರ್ಯಾಯ ವಿನ್ಯಾಸ ಸ್ವೀಕಾರಾರ್ಹವೇ?” ಹಾಗೆಯೇ ವಿದ್ಯುತ್ ಪರಿಶೀಲನೆ ವ್ಯಾಪ್ತಿಯಲ್ಲಿದೆಯೇ, ಹಳೆಯ ಡ್ರಾಯಿಂಗ್ ಕೊಡುತ್ತಾರೆಯೇ, ಎನ್‌ಒಸಿಯ ಸರ್ಕಾರಿ ಶುಲ್ಕ ಯಾರು ಕಟ್ಟಬೇಕು.

ಹಣ ಬರುವ ಹಂತಗಳನ್ನೂ ನೋಡಿ. “ಎನ್‌ಒಸಿ ಬಂದ ಮೇಲೆ ಶೇ 40” ಎಂದಿದ್ದರೆ ಅಪಾಯ. ಕಾಮಗಾರಿ ಮುಗಿಯದೆ ಅಂತಿಮ ಎನ್‌ಒಸಿ ಬರುವುದಿಲ್ಲ, ಕಾಮಗಾರಿ ನಿಮ್ಮ ಕೈಯಲ್ಲಿಲ್ಲ. ಆ ಕಂತನ್ನು “ವಿನ್ಯಾಸದ ಅರ್ಜಿ ಸಲ್ಲಿಸಿ ಇಲಾಖೆಯ ಆಕ್ಷೇಪಣೆಗಳಿಗೆ ಉತ್ತರ ಕೊಟ್ಟ ಮೇಲೆ” ಎಂದು ಬದಲಿಸಲು ಕೇಳಿ. ಪಂಪ್, ಪ್ಯಾನೆಲ್ ಮಾರುವವರ ಜೊತೆ ಜಂಟಿಯಾಗಿ ಹಾಕಬೇಡಿ. ವಿನ್ಯಾಸ ಮಾಡಿದವರು, ಅವರ ಸಂಬಂಧಿತ ಸಂಸ್ಥೆಗಳು ಕಾಮಗಾರಿಯ ಟೆಂಡರ್‌ಗೆ ಬರುವಂತಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಸ್ಪೆಸಿಫಿಕೇಷನ್‌ನಲ್ಲಿ ಒಂದೇ ಕಂಪನಿಗೆ ಹೊಂದುವ ಅಳತೆ ಬರೆದರೂ ಆಕ್ಷೇಪಣೆ ಬಂದು ಇಡೀ ಟೆಂಡರ್ ನಿಲ್ಲುತ್ತದೆ.

ಸಭೆಯಲ್ಲಿ ಇಇ (ಕಾರ್ಯಪಾಲಕ ಇಂಜಿನಿಯರ್) ಅವರು “ಆಯ್ತು, ಮಾಡೋಣ” ಎಂದದ್ದು ಉತ್ತರವಲ್ಲ. ಕೆಪಿಪಿಪಿಯಲ್ಲಿ ಕೊರಿಜೆಂಡಮ್ (ತಿದ್ದುಪಡಿ ಪ್ರಕಟಣೆ) ಬಂದರಷ್ಟೇ ಅದು ದಾಖಲೆಯ ಭಾಗ. ಬಿಡ್ ಸಲ್ಲಿಸುವ ದಿನ ಬೆಳಿಗ್ಗೆ ಪೋರ್ಟಲ್ ಇನ್ನೊಮ್ಮೆ ತೆರೆದು ನೋಡಿ, ಬಂದಿದ್ದರೆ ಅದರ ಪ್ರತಿಗೂ ಸಹಿ ಹಾಕಿ ಕವರ್ 1ರಲ್ಲಿ ಸೇರಿಸಿ.